ನುಚ್ಚಿನ ತಳದ ಬೆಲ್ಲ

ಇವತ್ತು ಬೆಳಿಗ್ಗೆ, ದಾವಣಗೆರೆಯ ನಮ್ಮ ಮನೆಯಲ್ಲಿ, ಮೊಮ್ಮಗಳು ಓಟ್ಸ್ ಗಂಜಿ ಬ್ಯಾಡವೆಂದು ಹಟ ಹಿಡಿದಳು. ಬಟ್ಟಲಿನ ತಳಕ್ಕೆ ಬೆಲ್ಲದ ತುಂಡು ಹಾಕಿ, ಮೇಲೆ ಬಿಸಿ ಗಂಜಿ ಸುರಿದು ಕೊಟ್ಟೆ. ಆ ವಾಸನೆಗೆ ಹರಿಹರದ ಮನೆ ಕಣ್ಮುಂದೆ ಬಂತು.

ಅಪ್ಪ ಮಿಲ್ಲಿನ ಕೆಲಸಕ್ಕೆ ರೈಲು ಹತ್ತಿದ ಮೇಲೆ ಅಜ್ಜಿ ನಮಗೆ ಜೋಳದ ನುಚ್ಚು ಬಡಿಸುತ್ತಿದ್ದಳು. ತಮ್ಮನಿಗೆ ಶೇಂಗಾ ಚಟ್ನಿಪುಡಿ, ನನಗೆ ಮಜ್ಜಿಗೆ, ಹಸಿ ಉಳ್ಳಾಗಡ್ಡಿ. ಬೆಲ್ಲ ಮಾತ್ರ ಕಿಟಕಿಯಲ್ಲಿಡುವ ಗಂಗತ್ತೆಯ ಬಟ್ಟಲಿಗೆ. ಗಂಗತ್ತೆ ಅಪ್ಪನ ತಂಗಿ. ನಾನು ಹುಟ್ಟುವ ಮೊದಲೇ, ಏಳು ವರ್ಷದವಳಿದ್ದಾಗ, ಜ್ವರದಿಂದ ಸತ್ತಿದ್ದಳು. ಬೆಲ್ಲದಾಸೆಗಾದರೂ ತಳದವರೆಗೆ ಉಣ್ಣಲಿ ಎಂದು ಅಜ್ಜಿ ಹೂಡಿದ ಉಪಾಯ ಅವಳು ಹೋದಮೇಲೂ ನಿಂತಿರಲಿಲ್ಲ.

ಸತ್ತವಳಿಗೆ ಯಾಕೆ ಬೆಲ್ಲ ಎಂದು ಒಂದು ದಿನ ನನಗೆ ಹೊಟ್ಟೆ ಉರಿಯಿತು. ಅಜ್ಜಿ ಬೆಲ್ಲ ಇಟ್ಟು ನುಚ್ಚು ಸುರಿದದ್ದನ್ನು ಕಣ್ಣಾರೆ ಕಂಡಿದ್ದೆ. ಅವಳು ಹಿತ್ತಲಿಗೆ ಹೋದದ್ದೇ ತಡ, ಆ ಬಟ್ಟಲು ಹಿಡಿದು ಕೂತೆ. ಮೇಲೆ ಕಟ್ಟಿದ ಕೆನೆ ಒಡೆದಿರಲಿಲ್ಲ. ಗಬಗಬ ತಿಂದೆ. ತಳ ಕಂಡಿತು, ಬೆಲ್ಲ ಕಾಣಲಿಲ್ಲ. ಕರಗಿದ್ದರೆ ಸಿಹಿಯಾದರೂ ಇರಬೇಕಿತ್ತಲ್ಲ? ಬರೀ ಸಪ್ಪೆ.

ತಲೆಯೆತ್ತಿದರೆ ಅಜ್ಜಿ ಬಾಗಿಲಲ್ಲಿದ್ದಳು. ಬೈಯಲಿಲ್ಲ.

"ಬೆಲ್ಲ ಸಿಕ್ತೇನೇ?"

"ಇಲ್ಲಜ್ಜಿ."

ಅವಳ ಮುಖ ಅರಳಿತು. "ಹಂಗಾರೆ ಬಂದಿದ್ಲು ಬಿಡು."

ಅಂದಿನಿಂದ ನಾನು ಆ ಕಿಟಕಿಗೆ ಬೆನ್ನು ಹಾಕಿ ಕೂತು ಉಣ್ಣಲೇ ಇಲ್ಲ.

ಈಗ ಮೊಮ್ಮಗಳು ಗಂಜಿಯನ್ನೆಲ್ಲ ಬಳಿದು ತಿಂದು, ಬಟ್ಟಲನ್ನು ನನ್ನ ಮುಂದೆ ಹಿಡಿದಿದ್ದಾಳೆ.

"ತಳದಾಗೆ ಬೆಲ್ಲ ಐತೆ ಅಂದಿದ್ಯಲ್ಲಜ್ಜಿ? ಒಂಚೂರೂ ಸಿಹಿ ಇರ್ಲಿಲ್ಲ."