ಹಿಂದಿನ ಸೀಟಿನ ಯಜಮಾನರು

ಹೋದ ಭಾನುವಾರ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಮಗಳ ಹೊಸ ಕಾರಿಗೆ ಪೂಜೆ ಮಾಡಿಸಿದೆವು. ಚಕ್ರದಡಿ ನಿಂಬೆಹಣ್ಣು ಅಪ್ಪಚ್ಚಿಯಾಗಿ ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನ್ಯೂಜೆರ್ಸಿಯ ಪ್ಲೇನ್ಸ್‌ಬರೋದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿ ನೆನಪಾದರು. ಅವರ ಕಾರು ಬಂದ ದಿನವೂ ಹೀಗೇ... ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿದ್ದು ಆಂಟಿ. ಆಮೇಲೆ ಫೋಟೊಗೆ ಸ್ಟಿಯರಿಂಗ್ ಹಿಡಿದು ಕೂತದ್ದು ಅಂಕಲ್.

ಆಂಟಿ ಮೈಸೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದವರು. ಇಲ್ಲಿ ಡಿಪೆಂಡೆಂಟ್ ವೀಸಾ, ಕೆಲಸ ಮಾಡುವಂತಿಲ್ಲ. ರೋಡ್ ಟೆಸ್ಟ್ ಮಾತ್ರ ಮೊದಲನೇ ಸಲಕ್ಕೇ ಪಾಸಾದರು. ಅಂಕಲ್‌ಗೆ ಟರ್ನ್‌ಪೈಕ್ ಹೆದ್ದಾರಿ ಎಂದರೆ ಎದೆ ಡವಡವ. ಹಾಗಾಗಿ ಬಂದ ನೆಂಟರನ್ನೆಲ್ಲ ಏರ್‌ಪೋರ್ಟಿನಿಂದ ಕರೆತರುವುದು, ನಯಾಗರ ತೋರಿಸುವುದು ಎಲ್ಲ ಆಂಟಿಯ ತಲೆಗೇ ಬಿತ್ತು. ಅಂಕಲ್ ಹಿಂದಿನ ಸೀಟಿನಲ್ಲಿ ಹರಟುತ್ತ, ನಡುನಡುವೆ "ಲೆಫ್ಟ್ ತಗೋ, ಲೆಫ್ಟ್ ತಗೋ" ಎನ್ನುತ್ತಿದ್ದರು. ದಾರಿ ಗೊತ್ತಿದ್ದದ್ದು ಆಂಟಿಗೆ.

ನನಗೆ ಡ್ರೈವಿಂಗ್ ಹೇಳಿಕೊಟ್ಟವರೂ ಅವರೇ. ಲೈಬ್ರರಿಯಲ್ಲಿ ಕೂತು ಹಳೆಯ ಮೋಟಾರು ಕಾರುಗಳ ಚರಿತ್ರೆಯನ್ನೆಲ್ಲ ಓದಿಕೊಂಡಿದ್ದರು.

"ಶುರೂನಲ್ಲಿ ನ್ಯೂಯಾರ್ಕಲ್ಲಿ ಲೈಸೆನ್ಸ್ ಬೇಕಾಗಿದ್ದು ಸಂಬಳದ ಡ್ರೈವರಿಗೆ ಮಾತ್ರ ಕಣೇ. ಓನರ್‌ಗೆ ಬೇಡ! ಎಲ್ಲರೂ ಟೆಸ್ಟ್ ಕೊಡಲೇಬೇಕು ಅಂತ ಮೊದಲು ಮಾಡಿದ್ದು ನಮ್ಮ ನ್ಯೂಜೆರ್ಸಿನೇ," ಎನ್ನುವಾಗ ಅವರ ಮುಖ ನೋಡಬೇಕಿತ್ತು.

ಆ ಉತ್ಸಾಹ ಕಂಡೇ ಲೈಬ್ರರಿಯವರು ಒಂದು ಶನಿವಾರ ಇದೇ ವಿಷಯ ಮಾತಾಡಲು ಕರೆದರು. ಮೈಸೂರು ಬಿಟ್ಟ ಮೇಲೆ ನಾಲ್ಕು ಜನರ ಮುಂದೆ ನಿಂತು ಪಾಠ ಹೇಳುವ ಅವಕಾಶ ಅದೇ ಮೊದಲು. ಒಗ್ಗರಣೆ ಹಾಕುತ್ತಲೂ ಭಾಷಣ ಹೇಳಿಕೊಳ್ಳುತ್ತಿದ್ದರು.

ಅವತ್ತು ಅವರ ಸೀರೆಯ ನೆರಿಗೆ ಹಿಡಿಯಲು ನಾನು ಹೋಗಿದ್ದೆ. ಅಂಕಲ್ ಹಾಲಿನಿಂದಲೇ ಕೂಗಿದರು. ಅವರ ಸ್ನೇಹಿತರು ಯಾರೋ ನ್ಯೂಆರ್ಕ್ ಏರ್‌ಪೋರ್ಟಿನಲ್ಲಿ ಇಳಿಯುತ್ತಾರಂತೆ, ಹೋಗಿ ಕರೆತರಬೇಕಂತೆ.

"ಇವತ್ತು ಆಗಲ್ಲ ರೀ. ಟ್ಯಾಕ್ಸಿ ಹೇಳಿ," ಎಂದರು ಆಂಟಿ.

"ನೀನಿರೋವಾಗ ಟ್ಯಾಕ್ಸಿ ಯಾಕೆ? ಹಳೇ ಕಾರಿನ ಕಥೆ ತಾನೆ, ಅದೆಲ್ಲಿಗೂ ಓಡಿಹೋಗಲ್ಲ!" ಅಂಕಲ್ ತಮ್ಮ ಜೋಕಿಗೆ ತಾವೇ ನಕ್ಕರು. ಆಂಟಿ ಉಟ್ಟ ಸೀರೆಯಲ್ಲೇ ಕೀ ತೆಗೆದುಕೊಂಡು ಹೊರಟರು.

ನಾನು ಲೈಬ್ರರಿಗೆ ನಡೆದು ಹೋದೆ. ಕುರ್ಚಿ ಹಾಕಿದ್ದರು, ಜನವೂ ಬಂದಿದ್ದರು... ಕಾದು ಕಾದು, ಲೈಬ್ರರಿಯಾಕೆ ಕ್ಷಮೆ ಕೇಳಿ ಎಲ್ಲರನ್ನೂ ಕಳಿಸಿದಳು. ಮತ್ತೆ ಲೈಬ್ರರಿಯವರು ಕರೆಯಲಿಲ್ಲ, ಆಂಟಿ ಆ ಕಡೆ ತಲೆ ಹಾಕಲೂ ಇಲ್ಲ. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆಮೇಲೆ ಆಂಟಿ, ಅಂಕಲ್ ಟೆಕ್ಸಸ್‌ಗೆ ಹೋದರು, ಫೋನೂ ಕಡಿಮೆಯಾಯಿತು.

ಪೂಜೆ ಮುಗಿಸಿ ಬಂದು ಅವರ ಹಳೆಯ ಟೆಕ್ಸಸ್ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಅಂಕಲ್. ಆಂಟಿ ತೀರಿಹೋಗಿ ಆಗಲೇ ವರ್ಷ ಕಳೆದಿತ್ತಂತೆ. ನನಗೆ ಯಾರೂ ಹೇಳಿರಲಿಲ್ಲ.

"ಯಾವುದಕ್ಕೂ ಒಂದಿನ ಆಗಲ್ಲ ಅಂದವಳಲ್ಲಮ್ಮ," ಎಂದು ಅಂಕಲ್ ಅತ್ತರು.

ಅಳುವವರಿಗೆ ಹೇಳಬಾರದು. ಹೇಳಿಯೇಬಿಟ್ಟೆ.

"ಅಂದಿದ್ರು, ಅಂಕಲ್. ನಾನೇ ಕೇಳಿದ್ದೀನಿ."

ಅಳು ನಿಂತಿತು. "ಹೌದಾ? ಯಾವಾಗ?" ಎಂದರು. ನಾಟಕವಲ್ಲ, ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.