ಶಾಸಕರ ಸೀಟು

ಮೈಸೂರಿಗೆ ಬಂದು ಎಷ್ಟೋ ವರ್ಷವಾದರೂ, ಬಸ್ಸಿನಲ್ಲಿ ಶಾಸಕರಿಗೆಂದು ಮೀಸಲಿಟ್ಟ ಸೀಟು ಕಂಡರೆ ನನಗೆ ನಗು ಬರುತ್ತದೆ.

ಎಪ್ಪತ್ತರ ದಶಕದಲ್ಲೊಮ್ಮೆ, ಹುನಗುಂದದಿಂದ ಬಾಗಲಕೋಟೆಯ ತವರಿಗೆ ಹೆರಿಗೆಗೆ ಹೊರಟವಳು ಆ ಸೀಟಿನಲ್ಲೇ ಕೂತಿದ್ದೆ. ಅಮೀನಗಡದಲ್ಲಿ ಶಾಸಕರೇ ಹತ್ತಬೇಕೆ!

“ಏಳವಾ, ಸಾಹೇಬ್ರು ಬಂದ್ರು,” ಎಂದ ಕಂಡಕ್ಟರ್. ನಿಂತರೆ ಬೀಳುವ ಸ್ಥಿತಿ ನನ್ನದು.

“ಕುಂದ್ರು ತಂಗಿ. ನಿನ್ನೆ ಎಲೆಕ್ಷನ್ಯಾಗ ಸೋತೇನಿ, ಸೀಟು ಇನ್ನ ನಂದಲ್ಲ,” ಎಂದು ಅವರು ಕಂಬಿ ಹಿಡಿದು ನಿಂತರು. ಆಮೇಲೆ ಕೇಳಿದರು: “ವೋಟು ಯಾರಿಗೆ ಹಾಕಿದಿ?”

ಸೀಟು ಹೋದೀತೆಂಬ ಭಯವಿದ್ದರೂ ಸುಳ್ಳು ಬಾಯಿಗೆ ಬರಲಿಲ್ಲ. “ನಿಮಗಲ್ರಿ.”

ಕಂಡಕ್ಟರ್ ನನ್ನತ್ತ ಕಣ್ಣು ಬಿಟ್ಟ. ಅವರು ಮಾತ್ರ ಗಟ್ಟಿಯಾಗಿ ನಕ್ಕರು. “ಮುಂಜಾನಿಂದ ಸಿಕ್ಕವರೆಲ್ಲ ನಿಮಗ ಹಾಕೇವಿ ಅಂತಾರ. ಹಂಗಾದ್ರ ಸೋತದ್ದು ಹೆಂಗ ಅಂತ ಕುಂತಿದ್ದೆ!”

ಮುಂದಿನ ಚುನಾವಣೆಯಲ್ಲಿ ಅವರಿಗೇ ಹಾಕಿದೆ; ಗೆದ್ದರು. ಮಗಳ ಕೈಹಿಡಿದು ಅವರಲ್ಲಿಗೆ ಹೋಗಿ “ಈ ಸಲ ನಿಮಗ ಹಾಕೇನ್ರಿ” ಎಂದು ಹೇಳಿದರೆ, “ನೀನೂ ಶುರು ಮಾಡಿದೇನವಾ?” ಎಂದರು.