ಪತ್ರದಲ್ಲಿ ರಂಧ್ರ

ಶಿವನ ದಯೆಯಿಂದ ನಮ್ಮ ಶಾಲೆಗೊಂದು ಸೂಕ್ಷ್ಮದರ್ಶಕವಿದೆ. ಅದರ ಮಸೂರ ಒಡೆದದ್ದೂ ಅವನ ದಯೆಯೇ ಇರಬೇಕು. ಪರೀಕ್ಷೆಗೆ ಇನ್ನೊಂದೇ ವಾರವಿತ್ತು, ಮಕ್ಕಳು ಎಲೆಯ ಉಸಿರಾಟದ ತೂತನ್ನು ಒಂದು ಸಲವೂ ಕಣ್ಣಾರೆ ಕಂಡಿರಲಿಲ್ಲ. "ಪತ್ರರಂಧ್ರ ತೋರಿಸಲು ಹೊಸ ಮಸೂರ ಬೇಕು" ಎಂದು ಅರ್ಜಿ ಬರೆದುಕೊಂಡು ಚನ್ನರಾಯನದುರ್ಗದಲ್ಲಿ ಬಸ್ಸು ಹತ್ತಿ ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಹೇಳುವುದು ಬೇಡ, ಪಾಪ.

ಕಿಟಕಿಯ ಹಿಂದಿದ್ದ ಗುಮಾಸ್ತರು ಅರ್ಜಿಯನ್ನು ಎರಡು ಸಲ ಓದಿದರು.

"ತೂತಿರೋ ಪತ್ರ ನಾವು ತಗಳಂಗಿಲ್ಲ ಮೇಷ್ಟ್ರೇ. ಲ್ಯಾಮಿನೇಷನ್ ಮಾಡಿಸ್ಕಂಡು ಬನ್ನಿ."

"ಇಲ್ಲಿ ಪತ್ರ ಅಂದ್ರೆ ಎಲೆ ಸಾರ್. ಬಿಲ್ವಪತ್ರೆ ಅಂತೀವಲ್ಲ, ಅಂಗೆ."

"ಎಲೆ ತೂತಾಗೈತೆ ಅಂದ್ರೆ ಹುಳ ಬಿದ್ದೈತೆ. ಕೃಷಿ ಇಲಾಖೆಗೆ ಹೋಗಿ."

ನಾನು ತಾಳ್ಮೆಯಿಂದ ವಿವರಿಸಿದೆ. ಎಲೆ ಎಳೆಯದಾಗಿರುವಾಗಲೇ ಹೊರಪದರದಲ್ಲಿ ರಂಧ್ರ ಮೂಡುತ್ತದೆ, ಅದರ ಹಿಂದೆ ಒಳಗಿನ ಜೀವಕೋಶಗಳು ಒಂದಿಷ್ಟು ಸರಿದು ಗಾಳಿಗೆ ಜಾಗ ಬಿಡುತ್ತವೆ. ಎರಡೂ ಜೊತೆಯಾಗಿ ಬೆಳೆದರೇ ಎಲೆಗೆ ಉಸಿರು.

"ಆ ಶಿವ ಬರೀ ಕಿಟಕಿ ಇಟ್ಟು ಸುಮ್ಮನಾಗಲಿಲ್ಲ ಸಾರ್. ಕಿಟಕಿ ಹಿಂದೆ ಕೆಲಸ ನಡೆಯೋ ಹಂಗೂ ಮಾಡವ್ನೆ."

ಗುಮಾಸ್ತರು ಭಕ್ತಿಯಿಂದ ತಲೆದೂಗಿದರು. ಆಮೇಲೆ ಅರ್ಜಿಯ ಮೇಲೆ "ರಂಧ್ರ ಮುಚ್ಚಿಸಿ ಮರುಸಲ್ಲಿಸುವುದು" ಎಂದು ಬರೆದು, ಮೊಹರು ಒತ್ತಿ, ನನ್ನ ಕೈಗೇ ವಾಪಸು ಕೊಟ್ಟರು.

ಮಕ್ಕಳು ಈ ಸಲವೂ ಪುಸ್ತಕದ ಚಿತ್ರ ನೋಡಿಕೊಂಡೇ ಪರೀಕ್ಷೆ ಬರೆದರು. ಗುಮಾಸ್ತರ ಮೇಲೆ ನನಗೇನೂ ಸಿಟ್ಟಿಲ್ಲ. ದಿನಾ ಪೂಜೆಯಲ್ಲಿ ಅವರ ಹೆಸರು ಹೇಳಿ, ಅವರ ಮೂಗಿನ ಎರಡು ರಂಧ್ರಗಳನ್ನಾದರೂ ಯಾವ ಕಚೇರಿಯೂ ಮುಚ್ಚಿಸದಿರಲಿ ಎಂದು ಬೇಡಿಕೊಳ್ಳುತ್ತೇನೆ.